ಮೀನಿನ ಗಾಳಿ

"ಅಷ್ಟೊಂದು ಗಾಳಿ ಯಾಕೆ ತುಂಬ್ತೀಯೇ ಮುಂಡೆ, ನಿಮ್ಮಪ್ಪನ ಮನೆಯಿಂದ ತಂದಿದ್ದೇನೇ ಸಿಲಿಂಡರು?"

ಮಾತು ಮೇಲಿನಿಂದ ಬಿತ್ತು. ಸಪ್ಪಲಮ್ಮ ಕತ್ತೆತ್ತಲಿಲ್ಲ. ಪ್ಲಾಸ್ಟಿಕ್ ಚೀಲದ ಬಾಯನ್ನು ಎಡಮುಷ್ಟಿಯಲ್ಲಿ ಬಿಗಿಹಿಡಿದು, ಒಳಗಿದ್ದ ಕೊಳವೆಯನ್ನು ಸರಕ್ಕನೆ ಎಳೆದು, ಚೀಲದ ಕತ್ತು ತಿರುಚಿ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ರಬ್ಬರ್ ಬ್ಯಾಂಡನ್ನು ನಾಲ್ಕು ಸುತ್ತು ಸುತ್ತಿದಳು. ಒಂದು ಪಾಲು ನೀರು, ಎರಡು ಪಾಲು ಗಾಳಿ. ಹದಿನಾಲ್ಕು ವರ್ಷದಿಂದ ಕೈಗೆ ಹತ್ತಿದ ಅಳತೆ ಅದು. ಬೆರಳಿನಿಂದ ತಟ್ಟಿದರೆ ಚೀಲ ಚೆಂಡಿನ ಹಾಗೆ ಸದ್ದು ಮಾಡಬೇಕು, ಆಗಲೇ ಒಳಗಿನ ಮೀನು ದಾರಿಯುದ್ದಕ್ಕೂ ತಣ್ಣಗೆ ಉಸಿರಾಡಿಕೊಂಡು ಹೋಗುವುದು. ಬೈಗುಳವೂ ಹದಿನಾಲ್ಕು ವರ್ಷದ ಹಳೆಯದೇ. ಆದರೆ ಗಂಡ ನಾಲ್ಕು ದಿನದಿಂದ ಮೇಲೇಳದೆ ಬಿದ್ದಿರುವಾಗ 'ಮುಂಡೆ' ಅನ್ನಿಸಿಕೊಳ್ಳುವುದು ಆ ಬೆಳಿಗ್ಗೆ ಅವಳಿಗೆ ಬೇರೆಯೇ ತರ ಚುಚ್ಚಿತು.

ಮೊದಲ ಮಹಡಿಯ ಬಾಲ್ಕನಿಯಲ್ಲಿ ರುದ್ರೇಶ ನಿಂತಿದ್ದ. ಎರಡು ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಮುಖಪರದೆ. ಪರದೆಯೊಳಗೆ ಹಣೆಯ ವಿಭೂತಿ ಬೆವರಿಗೆ ಕದಡಿಹೋಗಿತ್ತು. ಎರಡನೇ ಸಲ ಊರು ಮುಚ್ಚಿದ ಮೇ ತಿಂಗಳು. ಕಾಟನ್‌ಪೇಟೆಯಲ್ಲಿದ್ದ ಅವನ ಗೋಣಿಚೀಲದ ಮಂಡಿಗೆ ಬೀಗ ಬಿದ್ದು ಇಪ್ಪತ್ತು ದಿನ. ಆ ಇಪ್ಪತ್ತು ದಿನದಿಂದ ಅವನು ಚಾಮರಾಜಪೇಟೆಯ ಈ ಮನೆಯ ಮೆಟ್ಟಿಲು ಇಳಿದಿರಲಿಲ್ಲ. ಹಾಲು, ಸೊಪ್ಪು, ಔಷಧಿ, ಎಲ್ಲವೂ ಹಗ್ಗಕ್ಕೆ ಕಟ್ಟಿದ ಬಟ್ಟೆಚೀಲದಲ್ಲಿ ಮೇಲಕ್ಕೆ ಹೋಗಬೇಕು. ಸಿಲಿಂಡರಿನ ಕೀಲಿಯದೂ ಅದೇ ದಾರಿ. ಎದೆಯೆತ್ತರದ ಕಪ್ಪು ಸಿಲಿಂಡರನ್ನು ಬಾಲ್ಕನಿಯ ಕೆಳಗಿನ ಕಂಬಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಅದರ ತಲೆ ತಿರುಗಿಸುವ ಕಬ್ಬಿಣದ ಕೀಲಿ ರುದ್ರೇಶನ ಹತ್ತಿರ. ಪ್ಯಾಕಿಂಗ್ ಹೊತ್ತಿಗೆ ಅದು ಚೀಲದಲ್ಲಿ ಕೂತು ಕೆಳಗಿಳಿಯುತ್ತಿತ್ತು, ಮುಗಿದ ಕೂಡಲೇ ಮೇಲೇರುತ್ತಿತ್ತು. ಮೇಲೇರಿದ ಮೇಲೆ ಅವನ ತಾಯಿ ಕಲ್ಯಾಣಮ್ಮ ಅದಕ್ಕೆ ಸ್ಯಾನಿಟೈಸರ್ ಅಭಿಷೇಕ ಮಾಡುತ್ತಿದ್ದರು.

"ಕಮ್ಮಿ ತುಂಬಿದ್ರೆ ದಾರೀಲೇ ಮೇಲಕ್ಕೆ ಬಂದ್ಬಿಡ್ತವೆ ಯಜಮಾನ್ರೇ," ಅಂದಳು.

"ಎನ್.ಆರ್. ಕಾಲೋನಿ ಏನು ಕಾಶೀಲಿದೆಯಾ? ಹತ್ತು ನಿಮಿಷದ ದಾರಿ. ಅರ್ಧ ತುಂಬು, ಸಾಕು. ಊರಲ್ಲೆಲ್ಲೂ ಗ್ಯಾಸ್ ಸಿಗ್ತಿಲ್ಲ, ಇವಳು ಬಲೂನ್ ಊದ್ತಾ ಕೂತವ್ಳೆ."

ಆಗಲೇ ತೊಟ್ಟಿಗಳ ಹಿಂದಿನ ಮೇವಿನ ಕೋಣೆಯಿಂದ ಕೆಮ್ಮು ಬಂತು. ಒಂದಲ್ಲ, ಸಾಲಾಗಿ ಆರೇಳು, ಕೊನೆಯಲ್ಲಿ ಉಸಿರು ಎಳೆದುಕೊಳ್ಳುವ ಕೀರಲು ಶಬ್ದ. ಸಪ್ಪಲಮ್ಮ ಕಾಲಿನಲ್ಲಿ ತಗಡಿನ ಬಕೆಟ್ಟನ್ನು ಒದ್ದಳು.

"ಏನೇ ಅದು?"

"ಗಾಳಿ ಮೋಟ್ರು ಯಜಮಾನ್ರೇ. ಬೇರಿಂಗ್ ಹೋಗಿರ್ಬೇಕು."

ನಂಬಿದನೋ, ನಂಬುವುದೇ ಅನುಕೂಲ ಅನ್ನಿಸಿತೋ, ರುದ್ರೇಶ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋದ. ಅವಳು ಕೀಲಿ ಮೇಲೆ ಕಳಿಸಿ, ಕೈ ಒರೆಸಿಕೊಂಡು, ಮೇವಿನ ಕೋಣೆಗೆ ಓಡಿದಳು. ಗಂಡ ಮುನಿಕೃಷ್ಣ ಗೋಡೆಗೊರಗಿ ಕೂತಿದ್ದ. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗಾಗಿತ್ತು. ಅವನಿಗೆ ಜ್ವರ ಬಂದಿರುವುದು ಮೇಲೆ ಗೊತ್ತಾದರೆ ಆ ಕ್ಷಣವೇ ಇಬ್ಬರೂ ಬೀದಿಗೆ. ಅದಕ್ಕೇ ನಾಲ್ಕು ದಿನದಿಂದ ಅವಳು ಎರಡು ಆಳಿನ ಕೆಲಸ ಮಾಡುತ್ತ, ಗಂಡ ತೊಟ್ಟಿ ತೊಳೆಯುತ್ತಿದ್ದಾನೆ, ಗಂಡ ನೀರು ಬಿಡುತ್ತಿದ್ದಾನೆ ಎಂದು ಸುಳ್ಳು ಹೇಳುತ್ತ ಬಂದಿದ್ದಳು.

*

ಆ ಜಾಗ ಹಿಂದೆ ಎತ್ತಿನ ಗಾಡಿಗಳ ಕೊಟ್ಟಿಗೆ. ಮಂಡಿಯ ಗೋಣಿಚೀಲ ಹೊರುತ್ತಿದ್ದ ಗಾಡಿಗಳು ಹೋಗಿ ಟೆಂಪೋ ಬಂದ ಮೇಲೆ ಅಷ್ಟುದ್ದದ ಹಿತ್ತಿಲು ಪಾಳುಬಿದ್ದಿತ್ತು. ಆಗ ಮುನಿಕೃಷ್ಣ ಅಕ್ಕಿಪೇಟೆಯ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದ. ಅವರಪ್ಪನ ಕಾಲದವರೆಗೂ ಸೊಪ್ಪು ಬೆಳೆದ ಮನೆತನ; ತೋಟಗಳೆಲ್ಲ ಲೇಔಟ್ ಆದ ಮೇಲೆ ಮಡಿ ಕಟ್ಟಿ ನೀರು ಹಾಯಿಸುವ ಕೈಗೆ ಕೆಲಸವಿರಲಿಲ್ಲ. ರುದ್ರೇಶನ ಅಪ್ಪ ಗಂಗಾಧರಯ್ಯನವರನ್ನು ಅವನೇ ಹೋಗಿ ಕೇಳಿದ. ಜಾಗ, ನೀರು, ಕರೆಂಟು ನಿಮ್ಮದು, ಮೈಕೆಲಸ ನಮ್ಮದು, ಬಣ್ಣದ ಮೀನು ಸಾಕೋಣ ಎಂದ. ಗಂಗಾಧರಯ್ಯ ತಿನ್ನುವ ಮೀನಲ್ಲ ತಾನೇ ಎಂದು ಮೂರು ಸಲ ಕೇಳಿ ಒಪ್ಪಿದರು. ಕುರಿ, ಕರುಗಳನ್ನು ಪಾಲಿಗೆ ಸಾಕಲು ಕೊಡುವ ಹಾಗೇ ಮಾತಾಯಿತು. ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ಸತ್ತದ್ದು ಮಾತ್ರ ಇವರ ಪಾಲಿನಿಂದ ಕಳೆಯುವುದು. ಸಾಕುವವರು ನೀವಾದ ಮೇಲೆ ಸಾಯಿಸುವವರೂ ನೀವೇ ಅಲ್ಲವೇ ಎಂದು ಗಂಗಾಧರಯ್ಯ ನಕ್ಕಿದ್ದರಂತೆ. ಮುನಿಕೃಷ್ಣನೂ ನಕ್ಕಿದ್ದ.

ಆಗ ಅದು ನಗುವ ಮಾತೇ ಆಗಿತ್ತು. ಹದಿನಾರು ಸಿಮೆಂಟು ತೊಟ್ಟಿಗಳಲ್ಲಿ ಸಾವಿರಗಟ್ಟಲೆ ಬಂಗಾರದ ಮೀನು ಹೊಳೆಯುವಾಗ ದಿನಕ್ಕೆ ನಾಲ್ಕು ಸತ್ತರೆ ಯಾರು ಕೇಳುತ್ತಾರೆ? ಕಿವಿರಿನ ಮುಚ್ಚಳದ ಮೇಲೆ ಸಾಸಿವೆಯಷ್ಟು ಬಿಳಿ ಬೊಕ್ಕೆ ಎದ್ದರೆ ಅದು ಗಂಡು, ಹೊಟ್ಟೆ ಒಂದು ಕಡೆಗೆ ವಾಲಿದರೆ ಹೆಣ್ಣು ಎಂದು ಗಂಡನಿಗಿಂತ ಮೊದಲು ಕಂಡುಹಿಡಿದವಳು ಸಪ್ಪಲಮ್ಮ. ಕಣ್ಣುಗುಡ್ಡೆ ಉಬ್ಬಿದ ಕರಿಮೀನಿನ ತಳಿಯನ್ನು ಆರು ವರ್ಷ ಆರಿಸಿ ಆರಿಸಿ, ಒಂದು ಚುಕ್ಕೆ ಕೆಂಪಿಲ್ಲದ ಹಾಗೆ ಮಾಡಿದವಳೂ ಅವಳೇ. ಆ ಕರಿಮೀನಿಗೆ ಚೆನ್ನೈನಿಂದ ಜನ ಬರುತ್ತಿದ್ದರು.

ಆಮೇಲೆ ಹಿಂದಿನ ವರ್ಷ ಮೊದಲನೇ ಸಲ ಊರು ಮುಚ್ಚಿತು. ಮಾರ್ಚಿನ ಮರಿಗಳು ಆಗಷ್ಟೇ ಬಣ್ಣ ತಿರುಗುತ್ತಿದ್ದವು. ಅಂಗಡಿಗಳ ಷಟರ್ ಎಳೆದರು. ಕೊಳ್ಳುವವರಿಲ್ಲ, ಸಾಗಿಸುವವರಿಲ್ಲ. ಮೀನು ಮಾತ್ರ ಬೆಳೆಯುವುದನ್ನು ನಿಲ್ಲಿಸಲಿಲ್ಲ. ನೂರು ಇರಬೇಕಾದ ತೊಟ್ಟಿಯಲ್ಲಿ ಐನೂರು, ಮೇವಿನ ಲಾರಿ ಎಲ್ಲೋ ಗಡಿಯಲ್ಲಿ ನಿಂತಿತು. ಮೈಸೂರು ರಸ್ತೆಯ ಮೋರಿಯಿಂದ ಮೀನು ತಿನ್ನುವ ಕೆಂಪುಹುಳ ತಂದುಕೊಡುತ್ತಿದ್ದವರು ಊರು ಸೇರಿದ್ದರು. ಮುನಿಕೃಷ್ಣ ತಾನೇ ಮೋರಿಗಿಳಿದ. ಸೊಂಟದುದ್ದದ ಹೊಲಸಿನಲ್ಲಿ ನಿಂತು, ಬುಡದ ಕೆಸರು ಬಾಚಿ, ಜರಡಿಯಲ್ಲಿ ಹುಳ ತೊಳೆದು ಮೇಲೆ ಬರುವಾಗ ಪೊಲೀಸಿನವರು ಮೊಣಕಾಲಿನ ಕೆಳಗೆ ಲಾಠಿ ಬೀಸಿದರು. ಯಾವನಯ್ಯ ನೀನು, ಲಾಕ್‌ಡೌನಲ್ಲಿ ಕಕ್ಕಸಿನಲ್ಲಿ ಈಜಾಡ್ತಿದೀಯಾ ಎಂದು ನಕ್ಕರು. ಆ ಕಾಲು ಇವತ್ತಿಗೂ ಎಳೆಯುತ್ತಿತ್ತು.

ಮೀನುಗಳು ಒಂದರ ಬಾಲ ಒಂದು ಕಿತ್ತು ತಿಂದವು. ಕಿತ್ತ ಜಾಗಕ್ಕೆ ಬಿಳಿ ಬೂಷ್ಟು ಬಂತು. ಬೆಳಿಗ್ಗೆ ಎದ್ದರೆ ನೀರಿನ ಮೇಲೆ ಹೊಟ್ಟೆ ಮೇಲಾಗಿ ತೇಲುವವೇ. ಅವನ್ನು ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ ಬಾಲ್ಕನಿಯ ಕೆಳಗೆ ಎತ್ತಿ ಹಿಡಿಯಬೇಕಿತ್ತು. ಅಪ್ಪನ ನಂತರ ಯಜಮಾನನಾಗಿದ್ದ ರುದ್ರೇಶ ಮೊಬೈಲಿನಲ್ಲಿ ಫೋಟೋ ಹೊಡೆದು, ಇವತ್ತು ನಿಮ್ಮದು ಇಷ್ಟು ಹೋಯ್ತು ನೋಡ್ಕೋ ಎನ್ನುತ್ತಿದ್ದ. ಜೂನ್ ಹೊತ್ತಿಗೆ ಅವರ ಪಾಲಿನ ಮೀನೆಲ್ಲ ಮುಗಿದಿತ್ತು. ಅದೇ ತೊಟ್ಟಿ, ಅದೇ ನೀರು, ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಉಳಿದ ಮೀನುಗಳು ಕಣ್ಣೆದುರೇ ಓಡಾಡುತ್ತಿದ್ದವು, ಆದರೆ ಅವೆಲ್ಲ ರುದ್ರೇಶನವು. ಕರಿಮೀನೂ ಅವನವೇ. ಸತ್ತವನ್ನು ಬೀದಿಗೆ ಎಸೆಯಬೇಡ, ಪ್ರಾಣಿಹಿಂಸೆ ನಮ್ಮ ಮನೆತನಕ್ಕೆ ಆಗದು, ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚು ಎಂದು ಕಲ್ಯಾಣಮ್ಮ ಮೇಲಿನಿಂದಲೇ ಹೇಳುತ್ತಿದ್ದರು. ಆ ವರ್ಷ ತೆಂಗು ಗೊನೆ ಮೇಲೆ ಗೊನೆ ಬಿಟ್ಟಿತು.

ಬಾಡಿಗೆ ಮನೆ ಬಿಟ್ಟು ಮೇವಿನ ಕೋಣೆಗೆ ಬಂದದ್ದು ಆಗಲೇ. ಪಾಲುದಾರರಾಗಿದ್ದವರು ಕೂಲಿಯಾಳಾದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ; ಯಜಮಾನ್ರ ಮನೆಯವರು ಎಂದು ಕರೆಯುತ್ತಿದ್ದ ಟೆಂಪೋ ಮುರುಗೇಶನೂ, ಯಜಮಾನ್ರ ಆಳು ಇದಾರಾ ಎಂದು ಕೇಳಲು ಶುರುಮಾಡಿದ ದಿನ ಸಪ್ಪಲಮ್ಮನಿಗೆ ಗೊತ್ತಾಯಿತು. ಪಾಪ, ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಕೇಳಿದ್ದಕ್ಕೆ ಆಮೇಲೆ ತಾನೇ ಬೇಜಾರು ಮಾಡಿಕೊಂಡು ಅರ್ಧ ಕೆ.ಜಿ. ದ್ರಾಕ್ಷಿ ತಂದುಕೊಟ್ಟ.

ಈ ವರ್ಷ ಕಾಯಿಲೆ ಇನ್ನೂ ಜೋರಾಗಿ ಬಂದಾಗ ರುದ್ರೇಶನಿಗೆ ಹೊಸ ವ್ಯಾಪಾರ ಹೊಳೆದಿತ್ತು. ಎಂಟು ಕೆಂಪು, ಒಂದು ಕರಿ. ಅದು ವಾಸ್ತು ಸೆಟ್ಟು. ನಡುಮನೆಯಲ್ಲಿ ಗಾಜಿನ ಬೋಗುಣಿಯಿಟ್ಟು ಈ ಒಂಬತ್ತು ಮೀನು ಬಿಟ್ಟರೆ ಮನೆಗೆ ಬರುವ ಗಂಡಾಂತರವನ್ನು ಕರಿಮೀನು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಮೀನು ಸತ್ತರೆ ಮನೆಯವರೊಬ್ಬರು ಉಳಿದ ಹಾಗೆ ಎಂದು ಅವನು ವಾಟ್ಸಾಪಿನಲ್ಲಿ ಹಾಕಿದ. ಬಸವನಗುಡಿ, ಮಲ್ಲೇಶ್ವರದಿಂದ ಫೋನುಗಳು ಬಂದವು. ಕೆಲವು ಮನೆಯವರು ಕರಿಮೀನು ಸತ್ತಾಗ ಸಂತೋಷದಿಂದ ಇನ್ನೊಂದು ತರಿಸಿಕೊಂಡರು. ಅದನ್ನು ಕೇಳಿ ಮುರುಗೇಶ, "ಎಳ್ಕೊಳ್ಳೋಕೆ ನಾವಿದೀವಲ್ಲಕ್ಕಾ, ನಮ್ಮನ್ನೂ ಬೋಗುಣೀಲಿ ಬಿಡಕ್ಕೆ ಹೇಳು" ಎಂದಿದ್ದ.

*

ಮುರುಗೇಶ ಬೆಳಗಿನ ಎಂಟು ಸೆಟ್ಟು ಒಯ್ಯಲು ಬಂದವನು, ನೀರು ಕುಡಿಯಲೆಂದು ಮೇವಿನ ಕೋಣೆಗೆ ಇಣುಕಿದ. ಅಲ್ಲೇ ನಿಂತುಬಿಟ್ಟ. ಏನೂ ಕೇಳದೆ ಹೊರಗೆ ಹೋಗಿ, ಒಂದು ಗಂಟೆಯೊಳಗೆ ತನ್ನ ಬೀದಿಯಲ್ಲಿದ್ದ ಆರೋಗ್ಯ ಕಾರ್ಯಕರ್ತೆ ಸಂಧ್ಯಾಳನ್ನು ಟೆಂಪೋದಲ್ಲಿ ಕೂರಿಸಿಕೊಂಡು ಬಂದ. ನೀಲಿ ನಿಲುವಂಗಿಯೊಳಗೆ ಬೇಯುತ್ತಿದ್ದ ಆ ಹುಡುಗಿ ಮುನಿಕೃಷ್ಣನ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿದಳು. ಎಂಬತ್ತಮೂರು ಎಂದು ತೋರಿಸಿತು. ಬೆರಳು ಒರೆಸಿ, ಬೇರೆ ಬೆರಳಿಗೆ ಹಾಕಿದಳು. ಎಂಬತ್ತೆರಡು.

ಸಂಧ್ಯಾ ನಾಲ್ಕು ಕಡೆ ಫೋನು ಮಾಡಿದಳು. ಹಾಸಿಗೆ ಬೇಕೆಂದರೆ ಬಿಯು ನಂಬರ್ ಎಂಬ ಸರ್ಕಾರಿ ರೋಗಿ ಸಂಖ್ಯೆ ಬೇಕು, ನಂಬರ್ ಬರಬೇಕೆಂದರೆ ಟೆಸ್ಟಿನ ರಿಪೋರ್ಟ್ ಬೇಕು, ರಿಪೋರ್ಟಿಗೆ ಮೂರು ದಿನ. ಕೊನೆಗೆ ಹೊರಗೆ ಬಂದು ಸಪ್ಪಲಮ್ಮನನ್ನು ಕರೆದಳು.

"ಅಮ್ಮಾ, ಇವ್ರಿಗೆ ಈಗ್ಲೇ ಆಕ್ಸಿಜನ್ ಕೊಡ್ಬೇಕು. ಸಾಯಂಕಾಲದ ತನಕ ಕಾಯೋಕಾಗಲ್ಲ. ಎಲ್ಲಾದ್ರೂ ಒಂದು ಸಿಲಿಂಡರ್..." ಎನ್ನುತ್ತಿದ್ದವಳ ಕಣ್ಣು ಕಂಬದ ಕಡೆ ಹೋಯಿತು. "ಅದೇನದು?"

"ಮೀನಿಂದು. ಪ್ಯಾಕಿಂಗ್‌ದು."

ಸಂಧ್ಯಾ ಹತ್ತಿರ ಬಂದು ದನಿ ತಗ್ಗಿಸಿದಳು. "ನಾನು ಹೇಳ್ದೆ ಅಂತ ಎಲ್ಲೂ ಅನ್ಬೇಡಿ. ಅದೂ ಆಕ್ಸಿಜನ್ನೇ. ಏನೂ ಇಲ್ದೇ ಇರೋದಕ್ಕಿಂತ ವಾಸಿ."

ಅವಳಿಗೆ ಇನ್ನೂ ಹತ್ತೊಂಬತ್ತು ಮನೆಗಳಿದ್ದವು. ಗೇಟು ದಾಟುವಾಗ ಮೇಲೆ ಬಾಲ್ಕನಿಯ ಬಾಗಿಲು ತೆರೆಯಿತು. ನೀಲಿ ನಿಲುವಂಗಿಯನ್ನು ಕಂಡಮೇಲೆ ರುದ್ರೇಶನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಎಷ್ಟು ದಿನದಿಂದ?" ಎಂದ. ದನಿ ತಗ್ಗಿತ್ತು.

"ನಾಕು ದಿನ."

"ನಾಕು ದಿನದಿಂದ ಅವನನ್ನ ಮುಟ್ಟಿದ ಕೈಲಿ ಕೀಲಿ ಮುಟ್ಟಿ ನನ್ ಕೈಗೆ ಕಳ್ಸಿದೀಯಾ? ನನ್ನ ಸಾಯ್ಸೋಕೆ ಅಂತ್ಲೇ ನೋಡ್ತಿದೀಯೇನೇ ಸೂಳೆ? ನಮ್ಮಮ್ಮನಿಗೆ ಎಪ್ಪತ್ತೆರಡು ವರ್ಷ ಕಣೇ."

ಸಪ್ಪಲಮ್ಮ ತೊಟ್ಟಿಗಳ ನಡುವಿನ ಒದ್ದೆ ನೆಲದ ಮೇಲೆ ಉದ್ದಕ್ಕೆ ಬಿದ್ದಳು. ಕಾಲು ಹಿಡಿಯೋಣವೆಂದರೆ ಕಾಲುಗಳು ಹದಿನೈದು ಅಡಿ ಮೇಲಿದ್ದವು. ಹಾಗಾಗಿ ಗೋಡೆಯ ಬುಡಕ್ಕೆ ಹಣೆ ಹಚ್ಚಿದಳು. ತಪ್ಪಾಯಿತು ಎಂದಳು, ಗತಿಯಿರಲಿಲ್ಲ ಎಂದಳು. ಇನ್ನು ಜೀವವಿರುವ ತನಕ ಕೂಲಿ ಕೇಳದೆ ದುಡಿಯುತ್ತೇನೆ ಎಂದಳು.

"ಒಂದು ಗಂಟೆ ಯಜಮಾನ್ರೇ. ಅವ್ನ ಎಳ್ಕೊಂಬಂದು ಸಿಲಿಂಡರ್ ಮುಂದೆ ಕೂರಿಸ್ತೀನಿ. ಒಂದೇ ಒಂದು ಗಂಟೆ ಕೀಲಿ ಕೊಡಿ."

"ಅದು ಮೀನಿನ ಗಾಳಿ ಕಣೇ. ವೆಲ್ಡಿಂಗ್‌ನೋರಿಗೆ ಕೊಡೋದು. ಮನುಷ್ಯರಿಗೆ ಆಗಲ್ಲ ಅದು, ಎದೆಗೂಡು ಸುಟ್ಟೋಗುತ್ತೆ. ಆಮೇಲೆ ಪೊಲೀಸ್ನೋರು ನನ್ ಕುತ್ತಿಗೆಗೆ ಬರ್ತಾರೆ."

ಒಂದು ಗಳಿಗೆ ಅವಳು ನಂಬಿದಳು. ಅವಳಿಗೇನು ಗೊತ್ತು? ಮೀನಿನ ಉಸಿರು ಬೇರೆ, ಮನುಷ್ಯನ ಉಸಿರು ಬೇರೆ ಇದ್ದರೂ ಇರಬಹುದು. ಎದ್ದುನಿಂತು ಸೆರಗಿನ ಕೆಸರು ಹಿಂಡುತ್ತಿದ್ದಳು. ಅಷ್ಟರಲ್ಲಿ ಮಗನ ಹಿಂದೆ ಕಲ್ಯಾಣಮ್ಮ ಬಂದು ನಿಂತರು. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಮಾಸ್ಕಿನ ಕಾಲ ಬರುವುದಕ್ಕೂ ಮೊದಲಿಂದ ಅವರು ಹಿತ್ತಿಲ ಕಡೆ ಬಂದರೆ ಮೂಗು ಮುಚ್ಚಿಕೊಂಡೇ ಬರುವವರು.

"ಯಾಕೋ ಅವಳ ಹತ್ರ ಅಷ್ಟು ಮಾತು?" ಎಂದರು. "ಅದು ನಮ್ಮನೆಗೆ ಅಂತ ಉಳಿಸಿಟ್ಟಿರೋದು ಅಂತ ಹೇಳ್ಬಿಡು. ನಾಳೆ ನಿಂಗೋ ನಂಗೋ ಹೆಚ್ಚುಕಮ್ಮಿ ಆದ್ರೆ ಯಾರು ತಂದ್ಕೊಡ್ತಾರೆ? ಮೂಗಿಗೆ ಹಾಕೋ ಪೈಪು ಬೇರೆ ಅಷ್ಟು ಕಷ್ಟಪಟ್ಟು ತರ್ಸಿದೀಯ."

"ನೀನು ಒಳಗೆ ಹೋಗಮ್ಮ," ಎಂದ ರುದ್ರೇಶ.

ಕೆಳಗೆ ಸಪ್ಪಲಮ್ಮ ಸೆರಗು ಹಿಂಡುವುದನ್ನು ನಿಲ್ಲಿಸಿದ್ದಳು. ಗೇಟಿನ ಹತ್ತಿರ ಬೀಡಿ ಎಳೆಯುತ್ತಿದ್ದ ಮುರುಗೇಶನೂ ತಿರುಗಿ ನೋಡಿದ.

ಕಲ್ಯಾಣಮ್ಮ ಒಳಗೆ ಹೋಗಿ ಮತ್ತೆ ಬಂದರು. ಹಗ್ಗದ ಚೀಲ ಕೆಳಗಿಳಿಯಿತು. ಅದರಲ್ಲಿ ಕೀಲಿಯ ಜೊತೆಗೆ ಒಂದು ಸಣ್ಣ ಪೊಟ್ಟಣ.

"ಕಷಾಯದ ಪುಡಿ ಇಟ್ಟಿದೀನಿ. ಬಿಸಿನೀರಲ್ಲಿ ಕುಡಿಸು ಅವನಿಗೆ. ದೇವರಿದಾನೆ," ಎಂದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು.

ರುದ್ರೇಶ ಗಂಟಲು ಸರಿಮಾಡಿಕೊಂಡ. ಇಪ್ಪತ್ತೆರಡು ಸೆಟ್ಟು ಬಾಕಿಯಿತ್ತು, ಎನ್.ಆರ್. ಕಾಲೋನಿಯ ಶೈಲಜಮ್ಮನವರು ಒಬ್ಬರೇ ತಮ್ಮ ನೆಂಟರಿಷ್ಟರಿಗೆಲ್ಲ ಸೇರಿಸಿ ಹನ್ನೊಂದು ಹೇಳಿದ್ದರು. ಅಷ್ಟನ್ನೂ ಅರ್ಧರ್ಧ ಗಾಳಿಯಲ್ಲಿ ಪ್ಯಾಕು ಮಾಡಿ ಮುರುಗೇಶನ ಗಾಡಿಗೆ ಹಾಕಬೇಕು. ಕೀಲಿಯನ್ನು ಡೆಟಾಲಿನಲ್ಲಿ ತೊಳೆದು ಮೇಲೆ ಕಳಿಸಬೇಕು. ಮೂರು ಗಂಟೆಯೊಳಗೆ ಗಂಡನನ್ನು ಕರೆದುಕೊಂಡು ಜಾಗ ಖಾಲಿ ಮಾಡಬೇಕು.

"ಸಾಯೋದಾದ್ರೆ ಹೊರಗೆ ಸಾಯ್ಲಿ. ಕಾಂಪೌಂಡೊಳಗೆ ಸತ್ರೆ ಮನೆಗೆ ಟೇಪ್ ಸುತ್ತಿ ಸೀಲ್ ಮಾಡ್ತಾರೆ," ಎಂದ.

*

ಪ್ಯಾಕಿಂಗಿಗೆ ಒಂದು ದಿನ ಮುಂಚೆ ಮೀನಿಗೆ ಮೇವು ಹಾಕುವುದಿಲ್ಲ. ಹೊಟ್ಟೆ ತುಂಬಿದ್ದರೆ ಚೀಲದ ನೀರು ಹೊಲಸಾಗುತ್ತದೆ. ಕಂಬದ ಪಕ್ಕದ ಉಪವಾಸದ ತೊಟ್ಟಿಯಲ್ಲಿ ಇನ್ನೂರು ಮೀನು ಕಿಕ್ಕಿರಿದು, ಅವಳ ನೆರಳು ಬಿದ್ದೊಡನೆ ಮೇವು ಬಂತೆಂದು ಬಾಯಿ ಬಾಯಿ ಬಿಡುತ್ತ ಮೇಲೆ ಬಂದವು. ಸಪ್ಪಲಮ್ಮ ಅವುಗಳ ಕಡೆ ನೋಡಲಿಲ್ಲ. ಮೇವಿನ ಕೋಣೆಗೆ ಹೋಗಿ ದೊಡ್ಡ ಚೀಲಗಳ ಕಟ್ಟು ತಂದಳು. ತಾಯಿಮೀನು ಸಾಗಿಸುವ, ಅಕ್ಕಿಮೂಟೆಯಷ್ಟಗಲದ ಚೀಲಗಳು.

ಮೊದಲ ಚೀಲ ಬಿಡಿಸಿ, ಒಳಗೆ ಕೊಳವೆ ಇಟ್ಟು, ಕೀಲಿ ತಿರುಗಿಸಿದಳು. ಸುಯ್ ಎಂದು ಚೀಲ ಉಬ್ಬಿತು. ಕತ್ತು ತಿರುಚಿ ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕಿಟ್ಟಳು. ಎರಡನೆಯದು. ಮೂರನೆಯದು.

"ನೀರೇ ಹಾಕ್ಲಿಲ್ವಲ್ಲೇ," ಎಂದ ರುದ್ರೇಶ.

ನಾಲ್ಕನೆಯದು. ಐದನೆಯದು.

"ಏಯ್. ಮೀನೆಲ್ಲೇ? ಏನ್ ಮಾಡ್ತಿದೀಯಾ? ಏಯ್ ಮುರುಗೇಶ, ಹಿಡ್ಕೊಳ್ಳೋ ಅವಳನ್ನ, ತಲೆ ಕೆಟ್ಟಿದೆ ಅವಳಿಗೆ."

ಮುರುಗೇಶ ಬೀಡಿ ಎಸೆದು ಬಂದ. ಬಂದು ಅವಳು ಕಟ್ಟಿಟ್ಟ ಚೀಲಗಳನ್ನು ಎರಡೂ ಕಂಕುಳಲ್ಲಿ ಅವುಚಿಕೊಂಡು ಹೋಗಿ ಟೆಂಪೋದಲ್ಲಿ ಜೋಡಿಸತೊಡಗಿದ. ಸರಪಳಿಯ ಬೀಗ ಒಡೆಯೋಣವಾ ಅಕ್ಕಾ, ಸಿಲಿಂಡರನ್ನೇ ಎತ್ತಾಕ್ಕೊಂಡು ಹೋಗೋಣ ಎಂದು ಕೇಳಿದ. ಒಂದು ಸಲ ಕಲ್ಲಿನಿಂದ ಹೊಡೆದೂ ನೋಡಿದ. ಬೀಗ ಜಗ್ಗಲಿಲ್ಲ.

ಮೇಲಿನಿಂದ ತುಳಸಿಕುಂಡ ಬಂತು. ಅದು ಸಪ್ಪಲಮ್ಮನ ಭುಜಕ್ಕೆ ಬಡಿದು ನೆಲಕ್ಕೆ ಬಿದ್ದು ಚೂರಾಯಿತು. ಅವಳ ಎಡಗೈ ಜೋಮು ಹಿಡಿಯಿತು. ಬಲಗೈಯಲ್ಲಿ ಚೀಲ ಹಿಡಿದು, ಹಲ್ಲಿನಿಂದ ರಬ್ಬರ್ ಬ್ಯಾಂಡ್ ಎಳೆದು ಸುತ್ತಿದಳು. ಆಮೇಲೆ ಇಪ್ಪತ್ತು ದಿನದಲ್ಲಿ ಮೊದಲ ಸಲ ಮೆಟ್ಟಿಲ ಮೇಲೆ ರುದ್ರೇಶನ ಚಪ್ಪಲಿಯ ಸದ್ದು ಕೇಳಿತು. ಕೆಳಗಿನ ಗ್ರಿಲ್ ಬಾಗಿಲ ತನಕ ಬಂದ. ಕೈಯಲ್ಲಿ ಬಾಗಿಲಿಗೆ ಅಡ್ಡ ಹಾಕುವ ಕಬ್ಬಿಣದ ಪಟ್ಟಿಯಿತ್ತು.

"ಕೀಲಿ ಕೊಡೇ ಬೋಳಿ."

ಸಪ್ಪಲಮ್ಮ ಕೊಳವೆ ಕೆಳಗಿಟ್ಟು ಅವನ ಕಡೆ ನಡೆದಳು. ಗ್ರಿಲ್ಲಿಗೆ ಎರಡು ಮಾರು ದೂರದಲ್ಲಿ ನಿಂತು, ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕತ್ತಿಗೆ ಇಳಿಸಿದಳು. ಅವಳಿಗೂ ಮೊನ್ನೆಯಿಂದ ಗಂಟಲು ಕೆರೆಯುತ್ತಿತ್ತು. ಎರಡು ದಿನದಿಂದ ನುಂಗಿ ನುಂಗಿ ಇಟ್ಟುಕೊಂಡಿದ್ದ ಕೆಮ್ಮನ್ನು ಅವಳು ಈಗ ಬಿಟ್ಟಳು. ಸೊಂಟ ಬಗ್ಗಿಸಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಆಮೇಲೆ ಬಾಯೊರೆಸಿದ ಕೈಯಲ್ಲೇ ಕೀಲಿ ಹಿಡಿದು ಮುಂದೆ ಚಾಚಿದಳು.

"ತಗೊಳ್ಳಿ ಬನ್ನಿ, ಯಜಮಾನ್ರೇ. ಬಾಗ್ಲು ತೆಗೀರಿ."

ರುದ್ರೇಶ ಒಂದು ಮೆಟ್ಟಿಲು ಹಿಂದೆ ಸರಿದ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಮೂರು ಮೆಟ್ಟಿಲು ಹತ್ತಿದ. ಹಿಂದಕ್ಕೆ ಹತ್ತುವಾಗ ಕಾಲು ಜಾರಿ ಕುಂಡೆಯ ಮೇಲೆ ಕೂತು, ಹಾಗೇ ಕೈಯೂರಿಕೊಂಡು ಮೇಲೆ ಮೇಲೆ ತೆವಳಿದ. ಕಬ್ಬಿಣದ ಪಟ್ಟಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿ ಗ್ರಿಲ್ಲಿನ ಬುಡಕ್ಕೆ ಬಂದು ನಿಂತಿತು.

ಬಾಲ್ಕನಿ ತಲುಪಿದ ಮೇಲೆ ಅವನಿಗೆ ಮತ್ತೆ ಮಾತು ಬಂತು. ಫೋನಿನಲ್ಲಿ ಪೊಲೀಸರಿಗೆ ಹೇಳುತ್ತಿದ್ದ, ಆಳುಗಳು ಕಳ್ಳತನ ಮಾಡ್ತಿದಾರೆ, ಕೊರೋನಾ ಇಟ್ಕೊಂಡು ಮೈಮೇಲೆ ಬರ್ತಿದಾರೆ ಎಂದು. ಫೋನಿಟ್ಟು ಕೆಳಗೆ ಬಗ್ಗಿದ.

"ಉಪವಾಸ ಕೆಡವಿರೋ ಮೀನೆಲ್ಲ ಪ್ಯಾಕಾಗ್ದೆ ತೊಟ್ಟೀಲೇ ಸಾಯ್ತವೆ ಕಣೇ. ನೀನೇ ಸಾಕಿದ್ದು. ಹೊಟ್ಟೆ ಉರಿಯಲ್ವಾ ನಿಂಗೆ?"

ಅವಳು ಮೂವತ್ತೊಂಬತ್ತನೆಯ ಚೀಲ ಕಟ್ಟುತ್ತಿದ್ದಳು. "ಸತ್ರೆ ನಮ್ ಪಾಲಲ್ಲಿ ಕಳ್ಕೊಳ್ಳಿ," ಅಂದಳು.

ನಲವತ್ತೆರಡನೆಯದಕ್ಕೆ ಸುಯ್ ಎನ್ನುವ ಸದ್ದು ಸಣ್ಣಗಾಗಿ ನಿಂತುಹೋಯಿತು. ಕೊನೆಯ ಚೀಲ ಅರ್ಧ ಉಬ್ಬಿ ಜೋತಾಡಿತು. ಅದನ್ನೂ ಕಟ್ಟಿದಳು.

*

ಮುನಿಕೃಷ್ಣನನ್ನು ಮುರುಗೇಶ ಬೆನ್ನ ಮೇಲೆ ಹೊತ್ತು ತಂದ. ಟೆಂಪೋದ ಹಿಂದೆ ಚೀಲಗಳನ್ನು ಎರಡೂ ಬದಿಗೆ ಒತ್ತಿ ನಡುವೆ ಜಾಗ ಮಾಡಿ ಕೂರಿಸಿದರು. ಸಪ್ಪಲಮ್ಮ ಮೊದಲ ಚೀಲದ ರಬ್ಬರ್ ಬ್ಯಾಂಡ್ ಬಿಚ್ಚಿ, ಬಾಯಿ ಸಡಿಲ ಮಾಡಿ ಗಂಡನ ಮೂಗು ಬಾಯಿಗೆ ಒತ್ತಿಹಿಡಿದಳು. ಅವನು ಹೆದರಿ ತಲೆ ಅಲ್ಲಾಡಿಸಿದ.

"ಸುಮ್ಕಿರು. ಎಳ್ಕೋ. ಮೀನು ಎಳ್ಕೊಳಲ್ವಾ, ಹಂಗೆ."

ಎಳೆದುಕೊಂಡ. ಚೀಲ ಒಳಕ್ಕೆ ಹೋಯಿತು, ಮತ್ತೆ ಉಬ್ಬಿತು. ಸ್ವಲ್ಪ ಹೊತ್ತಿಗೆ ಒಳಗೆಲ್ಲ ಮಂಜು ಕಟ್ಟಿತು. ಅವನ ಉಸಿರೇ ಅವನಿಗೆ ತಿರುಗಿ ಹೋಗುತ್ತಿದೆ ಎಂದು ಅವಳಿಗೆ ತಿಳಿಯಿತು. ನಿಂತ ನೀರು ಬದಲಿಸದಿದ್ದರೆ ಮೀನಿಗೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಚೀಲ ಎಸೆದು ಇನ್ನೊಂದು ಬಿಚ್ಚಿದಳು. ನಾಲ್ಕು ಚೀಲ ಮುಗಿಯುವ ಹೊತ್ತಿಗೆ ತುಟಿಯ ನೇರಳೆ ಸ್ವಲ್ಪ ತಿಳಿಯಾದ ಹಾಗೆ ಕಂಡಿತು. ಕಣ್ಣುಬಿಟ್ಟು ಅವಳನ್ನು ಗುರುತು ಹಿಡಿದ. ಭುಜದ ರಕ್ತ ನೋಡಿ ಏನದು ಎಂದು ಹುಬ್ಬಿನಲ್ಲೇ ಕೇಳಿದ.

"ತುಳಸಮ್ಮ ಆಶೀರ್ವಾದ ಮಾಡಿದ್ಳು. ನೀನು ಎಳ್ಕೋ," ಅಂದಳು.

ಮೊದಲ ಆಸ್ಪತ್ರೆಯ ಗೇಟಿನಲ್ಲಿ ಬಿಯು ನಂಬರ್ ಕೇಳಿದರು. ಎರಡನೆಯದರಲ್ಲಿ ಗೇಟೇ ತೆರೆಯಲಿಲ್ಲ, ಕಾವಲಿನವನು ಒಳಗಿನಿಂದ ಕೈಯಾಡಿಸಿದ. ಮೂರನೆಯ ಕಡೆ ಆಂಬುಲೆನ್ಸುಗಳೇ ಸಾಲಾಗಿ ನಿಂತಿದ್ದವು. ಮುರುಗೇಶ ಒಳಗೆ ಹೋಗಿ ಯಾರದೋ ಕೈಕಾಲು ಹಿಡಿದು ಒಂದು ಗಂಟೆಯ ಮೇಲೆ ಬರಿಗೈಯಲ್ಲಿ ಬಂದ. ಮಲ್ಲೇಶ್ವರದ ಕಡೆ ಒಂದು ಕಲ್ಯಾಣ ಮಂಟಪದಲ್ಲಿ ಹಾಸಿಗೆ ಹಾಕಿದ್ದಾರಂತೆ, ನಂಬರ್ ಕೇಳುವುದಿಲ್ಲವಂತೆ ಎಂದ. ಆಗ ಎಂಟು ಚೀಲ ಉಳಿದಿದ್ದವು.

ಪೇಟೆಯ ಖಾಲಿ ಬೀದಿಗಳನ್ನು ದಾಟಿ ದೊಡ್ಡ ರಸ್ತೆಗೆ ಬರುವಲ್ಲಿ ಬ್ಯಾರಿಕೇಡು ಅಡ್ಡವಿತ್ತು. ಒಬ್ಬ ಪೊಲೀಸಿನವನು ಲಾಠಿಯಿಂದ ಟೆಂಪೋದ ಬಾನೆಟ್ಟು ತಟ್ಟಿದ. ಮುರುಗೇಶ ಪಾಸು ತೋರಿಸಿದ. ಪಾಸಿನಲ್ಲಿ ಜೀವಂತ ಮೀನು ಸಾಗಾಣಿಕೆ ಎಂದು ಬರೆದಿತ್ತು. ಪೇಷಂಟು ಸಾರ್, ಮೀನಿನ ಗಾಡೀಲಿ ಕರ್ಕೊಂಡೋಗ್ತಿದೀವಿ, ಬೇಗ ಬಿಡಿ ಸಾರ್ ಎಂದು ಮುರುಗೇಶ ಕೈಮುಗಿದ. ಪೊಲೀಸಿನವನು ಹಿಂದೆ ಬಂದು ಟಾರ್ಪಾಲು ಎತ್ತಿದ. ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿ, ಉಬ್ಬಿದ ಚೀಲಗಳೆಲ್ಲ ಫಳಫಳ ಹೊಳೆದವು.

"ಮೀನೆಲ್ಲಿ?"

ಸಪ್ಪಲಮ್ಮನ ಬಾಯಲ್ಲಿ ರಬ್ಬರ್ ಬ್ಯಾಂಡಿತ್ತು, ಎರಡೂ ಕೈ ಗಂಡನ ಮುಖದ ಮೇಲಿನ ಚೀಲದ ಮೇಲಿದ್ದವು.

"ಗಾಂಜಾನಾ? ಕಳ್ಳಭಟ್ಟಿನಾ? ಏನಿದೆ ಇದ್ರಲ್ಲಿ?" ಎನ್ನುತ್ತ ಅವನು ಲಾಠಿಯ ತುದಿಯಿಂದ ಒಂದು ಚೀಲ ಚುಚ್ಚಿದ. ಅದು ಫಟ್ ಎಂದು ಒಡೆಯಿತು. ಬೆಚ್ಚಿ ಹಿಂದೆ ಸರಿದವನು, ತಾನು ಬೆಚ್ಚಿದ್ದನ್ನು ಜೊತೆಯವನು ನೋಡಿ ನಕ್ಕದ್ದಕ್ಕೆ ಸಿಟ್ಟಾಗಿ ಮತ್ತೊಂದು ಚುಚ್ಚಿದ. ಅದೂ ಒಡೆಯಿತು. ಒಳಗೆ ಇಣುಕಿ, "ಏನೂ ಇಲ್ಲ ಕಣಯ್ಯಾ, ಬರೀ ಖಾಲಿ ಚೀಲ," ಎಂದು ಜೊತೆಯವನಿಗೆ ಕೂಗಿದ. ಮೂರನೆಯದಕ್ಕೆ ಲಾಠಿ ಎತ್ತಿದ.

ಸಪ್ಪಲಮ್ಮ ಒಂದು ಕೈ ಬಿಟ್ಟು ಲಾಠಿಯ ತುದಿಯನ್ನು ಹಿಡಿದುಕೊಂಡಳು. ಅವನು ಎಳೆದ. ಅವಳು ಬಿಡಲಿಲ್ಲ. ಅವನು ಎರಡೂ ಕೈಯಲ್ಲಿ ಎಳೆದ, ಬಾಯಿಗೆ ಬಂದದ್ದು ಬೈದ, ಜೊತೆಯವನು ಬ್ಯಾರಿಕೇಡು ಬಿಟ್ಟು ಓಡಿಬಂದ, ಮುರುಗೇಶ ನಡುವೆ ಬಿದ್ದ. ಅವಳ ಜೋಮು ಹಿಡಿದ ಎಡಗೈ ಲಾಠಿಗೆ ಅಂಟಿಕೊಂಡ ಹಾಗೆ ಹಾಗೇ ಇತ್ತು. ಅವಳು ಅವರ ಯಾರ ಕಡೆಗೂ ನೋಡುತ್ತಿರಲಿಲ್ಲ. ಬಲಗೈಯ ಕೆಳಗೆ ಗಂಡ ಉಸಿರು ಎಳೆದುಕೊಂಡಿದ್ದ. ಚೀಲ ಒಳಕ್ಕೆ ಹೋಗಿ ಅವನ ಕೆನ್ನೆಯ ಮೂಳೆಗೆ, ಮೂಗಿಗೆ ಅಂಟಿಕೊಂಡು ನಿಂತಿತ್ತು. ಅದು ಮತ್ತೆ ಉಬ್ಬಬೇಕಿತ್ತು. ಅವಳು ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದಳು.